ಸರ್ ಅಲ್ಲ, ಭೈಯ್ಯಾ

ಪಿಯುಸಿ ಓದುವ ಮಕ್ಕಳಿರುವ ಯಾವ ಮನೆಗೆ ಹೋದರೂ 'ಕೋಟಾ ಫ್ಯಾಕ್ಟರಿ' ಸರಣಿಯನ್ನು ಹೊಗಳುವವರು ಒಬ್ಬರಾದರೂ ಸಿಗುತ್ತಾರೆ. ನಾನು ಕಂಡಂತೆ ಅವರಲ್ಲಿ ಅಪ್ಪಂದಿರೇ ಹೆಚ್ಚು. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ. ಕೋಚಿಂಗ್ ದಂಧೆಯ ಬಣ್ಣ ಬಯಲು ಮಾಡುತ್ತದೆ ಎನ್ನುವ ಸರಣಿಯನ್ನು ಕಣ್ತುಂಬಿಕೊಂಡು ನೋಡಿದವರು, ಅದೇ ವಾರ ಮಗನನ್ನು ಇಂಟಿಗ್ರೇಟೆಡ್ ಕಾಲೇಜಿನ ಹಾಸ್ಟೆಲ್ಲಿಗೆ ಬಿಟ್ಟು ಬರುತ್ತಾರೆ. ಹಾಗಾದರೆ ಬಯಲಾದದ್ದೇನು?

2019, 2021, 2024: ಮೂರು ಸೀಸನ್. ಕಥೆ ಎಲ್ಲರಿಗೂ ಗೊತ್ತು: ಐಐಟಿ ಕನಸಿನ ಹುಡುಗ ವೈಭವ್ ರಾಜಸ್ಥಾನದ ಕೋಚಿಂಗ್ ಊರು ಕೋಟಾಕ್ಕೆ ಬರುತ್ತಾನೆ, ಫಿಸಿಕ್ಸ್ ಮೇಷ್ಟ್ರು ಜೀತು ಅವನ ಕೈಹಿಡಿಯುತ್ತಾನೆ. ಮೆಚ್ಚಬೇಕಾದದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಜೀತುವಾಗಿರುವ ಜಿತೇಂದ್ರ ಕುಮಾರ್ ಒಳ್ಳೆಯ ನಟ; ಖರಗ್‌ಪುರದ ಐಐಟಿಯಲ್ಲಿ ಓದಿಬಂದವರಾದ್ದರಿಂದ ಫಿಸಿಕ್ಸ್ ಅವರ ಬಾಯಲ್ಲಿ ಕಂಠಪಾಠದಂತೆ ಕೇಳಿಸುವುದಿಲ್ಲ. ಪಿಜಿ ಕೋಣೆ, ಮೆಸ್ಸಿನ ಊಟ, ಮೀನಾ ಎಂಬ ಹುಡುಗನ ಮುಗ್ಧತೆ, ಎಲ್ಲವೂ ನಂಬುವಂತಿವೆ.

ಆದರೆ ಹೊಗಳಿದ ವಿಮರ್ಶಕರು ಹಿಡಿದುಕೊಂಡದ್ದು ಇವನ್ನಲ್ಲ, ಕಪ್ಪುಬಿಳುಪನ್ನು. ವೈಭವ್ ಕೋಟಾ ಸೇರುತ್ತಲೇ ತೆರೆಯ ಬಣ್ಣ ಇಂಗಿಹೋಗುತ್ತದೆ. ಬಾಲ್ಯ ಬತ್ತಿದ್ದಕ್ಕೆ ಇದು ಸಂಕೇತವಂತೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕೋಟಾ ಬಣ್ಣವಿಲ್ಲದ ಊರಲ್ಲ. ಬಣ್ಣ ರಾಚುವ ಊರು. ರ‍್ಯಾಂಕ್ ಬಂದ ಮಕ್ಕಳ ಮುಖ, ಕೆಳಗೆ ಆಳೆತ್ತರದ ಅಂಕಿ, ಹಳದಿ ಕೆಂಪು ಹೋರ್ಡಿಂಗು: ಅಲ್ಲಿನ ಒತ್ತಡದ ಬಣ್ಣವೇ ಅದು. ಅದನ್ನು ಬೂದುಬಣ್ಣವಾಗಿಸಿದಾಗ ಕಣ್ಣಿಗೆ ಹಿತವಾಗುತ್ತದೆ, ಹಳೆಯ ಫೋಟೋ ಆಲ್ಬಮ್ ತೆರೆದಂತೆ. ಜಾಹೀರಾತಿನ ಕಿರುಚಾಟ ಮಾತ್ರ ಕೇಳಿಸುವುದಿಲ್ಲ. ಇದನ್ನು 'ಧೈರ್ಯದ ಛಾಯಾಗ್ರಹಣ' ಎನ್ನುವವರು ನಮ್ಮೂರ ಬಸ್‌ಸ್ಟ್ಯಾಂಡಿನ ಎದುರು, ಫಲಿತಾಂಶದ ಮರುದಿನ, ಐದು ನಿಮಿಷ ನಿಂತು ನೋಡಲಿ.

ಜಗಳ ಅಲ್ಲಿಗಿರಲಿ. ನನ್ನನ್ನು ಕಾಡಿದ್ದು ಒಂದೇ ಒಂದು ಪದ. ಮೂರನೆಯ ಸೀಸನ್ನಿನ ಆರಂಭದಲ್ಲಿ ಜೀತು ಮನೋವೈದ್ಯೆಯ ಎದುರು ಕುಳಿತಿದ್ದಾನೆ. ಆಕೆ 'ಸರ್' ಎನ್ನುತ್ತಾಳೆ. ಆತ ತಿದ್ದುತ್ತಾನೆ: ಸರ್ ಅಲ್ಲ, ಭೈಯ್ಯಾ. ತನ್ನ ಮುಂದಿರುವವರು ಪರೀಕ್ಷಾರ್ಥಿಗಳಿಗಿಂತ ಮೊದಲು ಹದಿನೈದು ಹದಿನಾರರ ಮಕ್ಕಳು ಎಂಬುದು ಅವನ ವಿವರಣೆಯ ಸಾರ. ಇಡೀ ಸರಣಿ ನಿಂತಿರುವುದು ಈ ತಿದ್ದುಪಡಿಯ ಮೇಲೆ. ನೋಡುವವರ ಗಂಟಲು ಕಟ್ಟುವುದೂ ಇಲ್ಲೇ.

ಕನ್ನಡದಲ್ಲಿ ಹೇಳಿ ನೋಡೋಣ: ಮೇಷ್ಟ್ರಲ್ಲ, ಅಣ್ಣ. ಅಣ್ಣ ಎಂದ ಮೇಲೆ ಕೆಲವು ಹೊಣೆಗಳಿವೆ. ಅಣ್ಣ ಫೀಸು ತೆಗೆದುಕೊಳ್ಳುವುದಿಲ್ಲ. ಮನೆಯ ಸಾಲ ಎಷ್ಟೆಂದು ಅವನಿಗೆ ಗೊತ್ತು. ಮುಖ್ಯವಾಗಿ, 'ಸಾಕು ಬಿಡೋ, ಬಟ್ಟೆ ತುಂಬಿಕೋ, ಊರಿಗೆ ಹೋಗೋಣ' ಎನ್ನುವ ಅಧಿಕಾರ ಅವನಿಗಿದೆ. ಜೀತುವಿನ ಸಲಹೆಗಳು ಸುತ್ತಿ ಬಳಸಿ ಬರುವುದು ಮಾತ್ರ ತಯಾರಿಗೇ. ಇನಾರ್ಗ್ಯಾನಿಕ್ ಕೆಮಿಸ್ಟ್ರಿ ಬೇಸರವೇ? ಇಪ್ಪತ್ತೊಂದು ದಿನ ಹಟ ಹಿಡಿದು ಓದು, ಮನಸ್ಸು ಒಗ್ಗುತ್ತದೆ. ಮೂರನೆಯ ಸೀಸನ್ನಿನ ಘೋಷಣೆಯಂತೂ ತಯಾರಿಯೇ ಗೆಲುವು ಎಂಬರ್ಥದ್ದು. ವೈಭವ್‌ನ ಮೊದಲ ಹೋರಾಟ ಮೇಲಿನ ಬ್ಯಾಚಿಗೆ ಏರುವುದು. ಮಕ್ಕಳನ್ನು ಬ್ಯಾಚುಗಳಾಗಿ ಜರಡಿ ಹಿಡಿಯುವುದೇಕೆಂದು ಸರಣಿ ಪಟ್ಟು ಹಿಡಿದು ಕೇಳುವುದಿಲ್ಲ. ಅಂಕ ನೋಡಿ ಬ್ಯಾಚು ಬೇರ್ಪಡಿಸಬೇಡಿ ಎನ್ನಲು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಕೋಟಾದ ಚರಿತ್ರೆಯಲ್ಲಿ ನಿಜವಾದ ಅಣ್ಣನೊಬ್ಬನಿದ್ದ ಎನ್ನಬಹುದು. ಜೆ.ಕೆ. ಸಿಂಥೆಟಿಕ್ಸ್‌ನ ಎಂಜಿನಿಯರ್ ವಿ.ಕೆ. ಬನ್ಸಲ್, ಸ್ನಾಯು ಸೊರಗುವ ಕಾಯಿಲೆ ಬಂದಾಗ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳತೊಡಗಿದರು. ಕಾರ್ಖಾನೆ ಮುಚ್ಚಿತು, ಕೋಚಿಂಗ್ ಬೆಳೆಯಿತು. ಎಷ್ಟು ಬೆಳೆಯಿತೆಂದರೆ ಬನ್ಸಲ್ ಕ್ಲಾಸಿಗೆ ಸೇರಲೂ ಒಂದು ಪ್ರವೇಶ ಪರೀಕ್ಷೆ ಬಂತು. ಒಳ್ಳೆಯ ಮನುಷ್ಯನೊಬ್ಬ ಜರಡಿಯಾಗುವುದು ಹೀಗೆ. ಜೀತು ಎರಡನೆಯ ಸೀಸನ್ನಿನಲ್ಲಿ ಸ್ವಂತ ಸಂಸ್ಥೆ ತೆರೆದಾಗ ಅದು ನಮಗೆ ವ್ಯಾಪಾರವಾಗಿ ಕಾಣದಂತೆ 'ಭೈಯ್ಯಾ' ಎಂಬ ಪದ ಅಡ್ಡ ನಿಲ್ಲುತ್ತದೆ. ಅಂದಹಾಗೆ, ಮೊದಲ ಸೀಸನ್ನಿನ ಪ್ರಾಯೋಜಕ ನಮ್ಮ ಬೆಂಗಳೂರಿನ ಕೋಚಿಂಗ್ ಕಂಪನಿ ಅನ್‌ಅಕಾಡೆಮಿ; 2022ರಲ್ಲಿ ಅದು ಕೋಟಾದಲ್ಲೇ ಸೆಂಟರ್ ತೆರೆಯಿತು.

ಮೂರನೆಯ ಸೀಸನ್ ಬಂದ 2024ರ ಜೂನ್‌ನಲ್ಲೇ ಜೆಇಇ ಅಡ್ವಾನ್ಸ್ಡ್ ಫಲಿತಾಂಶವೂ ಬಂತು. ಬರೆದವರು 1.80 ಲಕ್ಷ, ಐಐಟಿ ಸೀಟು 17,740. ಊರಿನ ಮೇಷ್ಟ್ರುಗಳೆಲ್ಲ ಅಣ್ಣಂದಿರಾದರೂ ಸೀಟು ಒಂದೂ ಹೆಚ್ಚುವುದಿಲ್ಲ. ಅದೇ ವರ್ಷ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರ್‌ಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಒಣ ವಾಕ್ಯವಿದೆ: ಮಗು ನಡುವೆ ಬಿಟ್ಟರೆ ಉಳಿದ ಅವಧಿಯ ಫೀಸನ್ನು ಹತ್ತು ದಿನದಲ್ಲಿ ಹಿಂದಿರುಗಿಸಬೇಕು. ಕಟ್ಟಿದ ದುಡ್ಡು ಮುಳುಗುತ್ತದೆಂದು ಬಾಯಿ ಕಟ್ಟಿಕೊಂಡು ಕೂತ ಮಕ್ಕಳು ಎಷ್ಟು ಎಂಬುದು ಈ ವಾಕ್ಯ ಬರೆದ ಗುಮಾಸ್ತನಿಗೆ ಹೊಳೆದಿತ್ತು. 'ಊರಿಗೆ ಹೋಗೋಣ' ಎನ್ನುವ ಮಾತನ್ನು ಸಾಧ್ಯ ಮಾಡಿದವನು, ನನ್ನ ಲೆಕ್ಕದಲ್ಲಿ, ಅವನೇ.

ಇನ್ನು ಸಾವು. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044 ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ). ಎಲ್ಲರೂ ಪರೀಕ್ಷೆಯಿಂದಲೇ ಹೋದವರಲ್ಲ. ಒಂದೇ ಕಾರಣಕ್ಕೆ ಯಾರೂ ಸಾಯುವುದಿಲ್ಲ. ಆ ಜಟಿಲತೆಯೇ ಕಥೆಗಾರನ ಕೆಲಸ. ಎರಡನೆಯ ಸೀಸನ್ನಿನ ಕೊನೆಗೆ, ಫಲಿತಾಂಶದ ಸಂಭ್ರಮದ ನಡುವೆ, ಜೀತುವಿನ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡ ಸುದ್ದಿ ಬರುತ್ತದೆ. ಅವಳ ಕೋಣೆ, ಅವಳ ಅಮ್ಮ, ಅವಳ ಬೇಸರದ ಮಧ್ಯಾಹ್ನಗಳು ನಮಗೆ ತಿಳಿದಿಲ್ಲ. ಸಾವು ಅವಳದ್ದು, ಮುಂದಿನ ಸೀಸನ್ನಿನ ನೋವು ಪೂರ್ತಿ ಅಣ್ಣನದ್ದು. ಮನೋವೈದ್ಯೆಯ ಕುರ್ಚಿ ಸಿಕ್ಕಿದ್ದೂ ಅವನಿಗೇ.

ಎರಡು ಸಲ ನೋಡಿದ ಮೇಲೂ, ಈ ಲೇಖನ ಬರೆಯಲು ಕುಳಿತಾಗ ಆ ಹುಡುಗಿಯ ಹೆಸರು ನನಗೆ ನೆನಪಾಗಲಿಲ್ಲ.