ಯಾರ್ಕ್ ಎಂಬ ಹೆಸರಿನ ಅರ್ಥಗಳು: ಸ್ಥಳನಾಮ ನಿರೂಪಣೆಯೊಂದರ ವಿಮರ್ಶೆ

ಉತ್ತರ ಇಂಗ್ಲೆಂಡಿನ ಪ್ರಾಚೀನ ಕೆಥೆಡ್ರಲ್ ನಗರವಾದ ಯಾರ್ಕ್‌ನ ಹೆಸರು ಸ್ಥಳನಾಮ ಅಧ್ಯಯನದ ಪ್ರವೇಶಿಕೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ನಿದರ್ಶನ. ಅದರ ಪ್ರಚಲಿತ ನಿರೂಪಣೆ ಹೀಗಿದೆ: ಕೆಲ್ಟಿಕ್ ಭಾಷಿಕರಿಗೆ ಅದು 'ಯೂ ಮರಗಳ ತಾಣ'ವಾಗಿತ್ತು; ಆಂಗ್ಲರು ಅದನ್ನು 'ಕಾಡುಹಂದಿಯ ಊರು' ಎಂದು ತಿಳಿದರು; ಸ್ಕ್ಯಾಂಡಿನೇವಿಯನ್ನರು 'ಕುದುರೆಯ ಕೊಲ್ಲಿ'ಯಾಗಿಸಿದರು. ಎಕ್ವಾಲ್ ಅವರ 1936ರ ನಿಘಂಟು, ಎ. ಎಚ್. ಸ್ಮಿತ್ ಅವರ 1937ರ ಸಂಪುಟ ಮೊದಲಾದವು ಒದಗಿಸಿದ ರೂಪಸಂಗ್ರಹಕ್ಕೆ ಈ ಕ್ಷೇತ್ರವೆಲ್ಲವೂ ಋಣಿಯಾಗಿದೆ. ನಮ್ಮ ಆಕ್ಷೇಪ ಅವುಗಳ ಮೇಲಲ್ಲ. ಅಂಥ ಸಾಮಗ್ರಿಯನ್ನು ಅರ್ಥಪಲ್ಲಟದ ಸರಪಳಿಯಾಗಿ ಸಂಕ್ಷೇಪಿಸುವ ರೂಢಿಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ. ಈ ಸರಪಳಿಯ ಮೂರು ಕೊಂಡಿಗಳಲ್ಲಿ 'ಅರ್ಥ' ಎಂಬ ಪದವು ಮೂರು ಭಿನ್ನ ಸಂಗತಿಗಳನ್ನು ಸೂಚಿಸುತ್ತದೆಂಬುದು ನಮ್ಮ ವಾದ.

ಮೊದಲ ಕೊಂಡಿಯನ್ನು ನೋಡೋಣ. ಕ್ರಿ.ಶ. 71ರ ಸುಮಾರಿಗೆ ರೋಮನ್ನರ ಒಂಬತ್ತನೆಯ ಲೀಜನ್ ಇಲ್ಲಿ ಕೋಟೆ ಕಟ್ಟಿತು. ಮೊದಲ ಶತಮಾನದ ಕೊನೆಯ ಆಸುಪಾಸಿನ ವಿಂಡೊಲಾಂಡ ಫಲಕವೊಂದರಲ್ಲಿ ಹೆಸರಿನ ಲ್ಯಾಟಿನ್ ರೂಪ ದೊರೆಯುತ್ತದೆ; ಎರಡನೆಯ ಶತಮಾನದ ಟಾಲೆಮಿಯಲ್ಲಿ ಗ್ರೀಕ್ ರೂಪವಿದೆ. ಇವುಗಳಿಂದ ಪುನಾರಚಿಸಿದ ಮೂಲರೂಪ 'ಎಬುರಾಕೊನ್'. 'ಎಬುರೊಸ್' ಎಂಬ ಪ್ರಕೃತಿಗೆ 'ಯೂ ಮರ' ಎಂಬ ಅರ್ಥವನ್ನು ಹೇಳಲು ಮುಖ್ಯ ಆಧಾರ ಹಳೆಯ ಐರಿಷ್‌ನ 'ಇಬರ್'. ಆದರೆ ಜ್ಞಾತಿಪದಗಳು ಏಕಮುಖವಾಗಿಲ್ಲ: ವೆಲ್ಷ್‌ನ 'ಎವುರ್' ಒಂದು ಬಗೆಯ ಕಾಡುಗಿಡ, ಬ್ರೆಟನ್‌ನ 'ಎವೋರ್' ಬಕ್‌ಥಾರ್ನ್ ಪೊದೆ. ಅಂದರೆ ಯಾರ್ಕ್‌ನ ಭಾಷೆಗೆ ಹೆಚ್ಚು ಸಮೀಪವಾದ ಬ್ರಿಟಾನಿಕ್ ಶಾಖೆಯಲ್ಲಿ ಉಳಿದಿರುವುದು ಬೇರೆ ಸಸ್ಯಗಳು. ಇದಲ್ಲದೆ 'ಎಬುರೊಸ್' ವ್ಯಕ್ತಿನಾಮವೂ ಆಗಿರಬಹುದಾದ್ದರಿಂದ 'ಎಬುರೊಸ್‌ನ ಆಸ್ತಿ' ಎಂಬ ವಿವರಣೆಯೂ ವಿದ್ವತ್ತಿನಲ್ಲಿ ನೆಲೆನಿಂತಿದೆ. ಹೀಗಾಗಿ 'ಯೂ ಮರಗಳ ತಾಣ' ಎಂಬುದು ಭಾಷಿಕರ ಗ್ರಹಿಕೆಯ ದಾಖಲೆಯಲ್ಲ. ಅದು ತೌಲನಿಕ ಪುನಾರಚನೆಯ ಸಂಭಾವ್ಯ ಫಲಿತ.

ಎರಡನೆಯ ಕೊಂಡಿಯಲ್ಲಿ ಸ್ಥಿತಿ ಬೇರೆ. ಹಳೆಯ ಇಂಗ್ಲಿಷ್‌ನ 'ಎಒವೊರ್‌ವಿಕ್' ರೂಪದಲ್ಲಿ ಪೂರ್ವಪದ 'ಕಾಡುಹಂದಿ'ಯನ್ನೂ ಉತ್ತರಪದ 'ವಸತಿ, ವ್ಯಾಪಾರದ ನೆಲೆ'ಯನ್ನೂ ಹೇಳುತ್ತವೆ. ಆ ವೇಳೆಗೆ ಬ್ರಿಟಾನಿಕ್‌ನಲ್ಲಿ ಸ್ವರಮಧ್ಯದ ಬಕಾರವು ವಕಾರಕ್ಕೆ ಸಡಿಲಗೊಂಡಿತ್ತು. ಹಳೆಯ ಇಂಗ್ಲಿಷ್‌ನಲ್ಲಿ ಸ್ವರಮಧ್ಯದ ಫಕಾರಲಿಪಿಯ ಉಚ್ಚಾರಣೆಯೂ ಘೋಷ ವಕಾರವೇ. ಆದ್ದರಿಂದ ಪೂರ್ವಪದವನ್ನು ವಿವರಿಸಲು ಧ್ವನಿಸಾಮ್ಯವೇ ಸಾಕು, ಹಂದಿಯ ನೆರವು ಬೇಕಿಲ್ಲ. ಉತ್ತರಪದದ ಸಂಗತಿ ಹಾಗಲ್ಲ. ಮೂಲದ ಪ್ರತ್ಯಯವು 'ವಿಕ್' ಆಗುವುದನ್ನು ಯಾವ ಧ್ವನಿನಿಯಮವೂ ಸಮರ್ಥಿಸದು. ಇಲ್ಲಿ ಭಾಷಿಕರ ಮರುವಿಶ್ಲೇಷಣೆ ಖಚಿತ. ಲುಂಡೆನ್‌ವಿಕ್, ಹ್ಯಾಮ್‌ವಿಕ್‌ಗಳಂಥ ವ್ಯಾಪಾರ ಕೇಂದ್ರಗಳ ಮಾದರಿಯೂ ಕಣ್ಣೆದುರಿಗಿತ್ತು. 1985–86ರ ಫಿಶರ್‌ಗೇಟ್ ಉತ್ಖನನಗಳು ಯಾರ್ಕ್‌ನಲ್ಲಿ ಅಂಥ ನೆಲೆಯ ಅವಶೇಷಗಳನ್ನು ತೋರಿಸಿವೆ. ಎಂದರೆ ಸರಪಳಿಯು ಎತ್ತಿಹಿಡಿಯುವ 'ಹಂದಿ'ಗಿಂತ ಅದು ಕಡೆಗಣಿಸುವ 'ವಿಕ್' ಹೆಚ್ಚು ಗಟ್ಟಿಯಾದ ಸಾಕ್ಷ್ಯ.

ಜರ್ಮಾನಿಕ್ ಸಂಸ್ಕೃತಿಯಲ್ಲಿ ಕಾಡುಹಂದಿಗೆ ಗೌರವವಿತ್ತು, 1848ರಲ್ಲಿ ದೊರೆತ ಬೆಂಟಿ ಗ್ರೇಂಜ್ ಶಿರಸ್ತ್ರಾಣದ ಮೇಲೆ ಹಂದಿಯ ಆಕೃತಿಯಿದೆ ಎಂದು ಆಕ್ಷೇಪಿಸಬಹುದು. ಆದರೆ ಅದು ಹೆಸರಿನಲ್ಲಿ ಹಂದಿಯನ್ನು ಕೇಳಿಸಿಕೊಳ್ಳುವುದು ಸಾಧ್ಯವಿತ್ತೆಂದು ತೋರಿಸುತ್ತದೆಯೇ ಹೊರತು, ಹಾಗೆ ಕೇಳಿಸಿಕೊಂಡರೆಂದೋ ಊರಿನ ಸುತ್ತ ಹಂದಿಗಳಿದ್ದವೆಂದೋ ಅಲ್ಲ.

ಮೂರನೆಯ ಕೊಂಡಿ ಅತ್ಯಂತ ದುರ್ಬಲ. 866ರಲ್ಲಿ ನಗರವು ಡೇನರ ವಶವಾಯಿತು. ನಾರ್ಸ್ ರೂಪ 'ಯೋರ್ವೀಕ್'ನಲ್ಲಿ 'ಯೋರ್' ಕುದುರೆಗೂ 'ವೀಕ್' ಕೊಲ್ಲಿಗೂ ಸಮೋಚ್ಚಾರ. ಆದರೆ ನಗರವಿರುವುದು ಕಡಲಿನಿಂದ ದೂರದಲ್ಲಿ, ಊಸ್ ಮತ್ತು ಫಾಸ್ ನದಿಗಳ ಸಂಗಮದಲ್ಲಿ. ಮೇಲಾಗಿ ಇಂಗ್ಲಿಷ್‌ನ ಹಂದಿವಾಚಕಕ್ಕೆ ನಾರ್ಸ್‌ನಲ್ಲಿ 'ಯೋವುರ್' ಎಂಬ ನೇರ ಜ್ಞಾತಿಪದವಿತ್ತು; ಕಾವ್ಯದಲ್ಲಿ ಅದಕ್ಕೆ 'ಒಡೆಯ' ಎಂಬ ಅರ್ಥವೂ ಇತ್ತು. ಅರ್ಥವೇ ಸಾಗಿಬಂದಿದ್ದರೆ ಈ ಪದವನ್ನು ನಿರೀಕ್ಷಿಸಬೇಕಿತ್ತು. ಕಾಣಸಿಗುವುದು ಧ್ವನಿಸಂಕೋಚಗೊಂಡ ರೂಪ. ಆದ್ದರಿಂದ ಕುದುರೆಯು ಧ್ವನಿ ಬದಲಾವಣೆಯ ಕೊನೆಯಲ್ಲಿ ಉಂಟಾದ ಆಕಸ್ಮಿಕ ಸಾಮ್ಯವೆಂದೇ ನಾವು ಭಾವಿಸುತ್ತೇವೆ.

ಸರಪಳಿಯ ಕಾಲಾನುಕ್ರಮವೂ ಸಂಶಯಾಸ್ಪದ. ಒಂದು ರೂಪ ಅಳಿದು ಮತ್ತೊಂದು ಬಂದುದಲ್ಲ. ಸುಮಾರು 900ರಲ್ಲಿ, ನಾರ್ಸ್ ಆಳ್ವಿಕೆಯ ದಿನಗಳಲ್ಲೇ, ಯಾರ್ಕ್‌ನ ಟಂಕಸಾಲೆಯ ನಾಣ್ಯಗಳು 'ಎಬ್ರಾಯ್ಕೆ' ಎಂಬ ಲ್ಯಾಟಿನ್ ಛಾಯೆಯ ರೂಪವನ್ನು ಹೊತ್ತಿವೆ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ 'ಎಬೊರಾಕುಮ್' ಮತ್ತು 'ಎವುರ್ವಿಕ್' ಒಟ್ಟಿಗಿವೆ. ಯಾರ್ಕ್‌ನ ಆರ್ಚ್‌ಬಿಷಪ್ ಇಂದಿಗೂ 'ಎಬೊರ್' ಎಂದು ರುಜು ಹಾಕುತ್ತಾರೆ. ವೆಲ್ಷ್ ಮಾತ್ರ ತನ್ನ ಧ್ವನಿನಿಯಮಗಳಂತೆ 'ಎವ್ರೋಗ್' ರೂಪವನ್ನು ಉಳಿಸಿಕೊಂಡಿದೆ. ಅಲ್ಲಿಯೂ ಹೊಸ ವಿವರಣೆಗೆ ಎಡೆಯಿತ್ತು: 12ನೆಯ ಶತಮಾನದ ಜೆಫ್ರಿ ಆಫ್ ಮನ್ಮತ್ ಎಬ್ರಾಕಸ್ ಎಂಬ ಸ್ಥಾಪಕ ರಾಜನನ್ನು ಹೆಸರಿನಿಂದಲೇ ಕಲ್ಪಿಸಿದ. ನ್ಯೂಯಾರ್ಕ್‌ಗೆ ವೆಲ್ಷ್‌ನಲ್ಲಿ 'ಎವ್ರೋಗ್ ನೆವಿದ್' ಎನ್ನುತ್ತಾರೆ. 1664ರಲ್ಲಿ ಡ್ಯೂಕ್ ಆಫ್ ಯಾರ್ಕ್‌ನ ಬಿರುದಿನಿಂದ ಬಂದ ಆ ಹೆಸರಿಗೆ ಮರವಾಗಲಿ ಹಂದಿಯಾಗಲಿ ಸಂಬಂಧಿಸಿಲ್ಲ.

ಅಂಕಿತನಾಮವು ವಸ್ತುವನ್ನು ನಿರ್ದೇಶಿಸುತ್ತದೆ, ಅದರ ಗುಣವನ್ನು ಹೇಳುವುದಿಲ್ಲವೆಂದು ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿಯೇ ವಾದಿಸಿದ್ದ. ರೂಢ, ಅಂಕಿತ, ಅನ್ವರ್ಥ ಎಂಬ ಕನ್ನಡ ವ್ಯಾಕರಣ ಪರಂಪರೆಯ ವಿಂಗಡಣೆ ಇಲ್ಲಿ ಇನ್ನೂ ಉಪಯುಕ್ತ. ಎಬುರಾಕೊನ್ ಹುಟ್ಟಿದಾಗ ಅನ್ವರ್ಥವಾಗಿದ್ದಿರಬೇಕು. ಭಾಷೆಯ ಗಡಿ ದಾಟುವಾಗ ಅದು ಕೇವಲ ಅಂಕಿತವಾಗಿ ದಾಟಿತು. ಪಡೆದವರು ತಮ್ಮ ಶಬ್ದಕೋಶದ ಬಲದಿಂದ ಅದನ್ನು ಭಾಗಶಃ ಮತ್ತೆ ಅನ್ವರ್ಥವಾಗಿಸಿಕೊಂಡರು, ಕೆಲವೊಮ್ಮೆ ಹಾಗೆ ಮಾಡಲೂ ಇಲ್ಲ. ಪ್ರತಿ ಹಂತದಲ್ಲೂ ಅನ್ವರ್ಥವನ್ನು ಊಹಿಸಿಕೊಳ್ಳುವುದೇ ಸರಪಳಿ ನಿರೂಪಣೆಯ ದೋಷ.

ಇದರ ಪರಿಣಾಮ ಪರಿಭಾಷೆಗೆ ಸೀಮಿತವಲ್ಲ. ಸ್ಥಳನಾಮಗಳನ್ನು ಪರಿಸರ ಮತ್ತು ವಸತಿ ಇತಿಹಾಸದ ಆಕರಗಳಾಗಿ ಬಳಸುವಾಗ, ಪುನಾರಚಿತ ಅರ್ಥವೂ ಸಮೋಚ್ಚಾರದ ಅರ್ಥವೂ ಒಂದೇ ತೂಕ ಪಡೆದುಬಿಡುತ್ತವೆ. ಪ್ರತಿ ರೂಪಕ್ಕೂ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕೆಂದು ನಾವು ಸೂಚಿಸುತ್ತೇವೆ. ರೂಪವು ಧ್ವನಿನಿಯಮಗಳಿಂದಲೇ ಸಿದ್ಧಿಸುತ್ತದೆಯೇ? ನಿಯಮ ಮೀರಿದ ಅಂಶವು ಪಡೆದ ಭಾಷೆಯ ಯಾವುದಾದರೂ ಪದದತ್ತ ವಾಲಿದೆಯೇ? ಆ ಗ್ರಹಿಕೆಗೆ ಹೆಸರಿನ ಹೊರಗೆ ಸಮಕಾಲೀನ ಸಾಕ್ಷ್ಯವಿದೆಯೇ? ಯಾರ್ಕ್‌ನ ವಿಷಯದಲ್ಲಿ ಈ ಮೂರನ್ನೂ ಉತ್ತರಿಸಬಲ್ಲುದು 'ವಿಕ್' ಒಂದೇ. ಮರವನ್ನು ಪುನಾರಚನೆಯ ಸಂಭಾವ್ಯತೆಯೆಂದು, ಹಂದಿಯನ್ನು ಸಾಧ್ಯ ಗ್ರಹಿಕೆಯೆಂದು, ಕುದುರೆಯನ್ನು ಸಮೋಚ್ಚಾರವೆಂದು ಪ್ರತ್ಯೇಕವಾಗಿ ನಮೂದಿಸುವುದು ಉಚಿತ.