ಚಿತ್ರಕಥೆಯ ಮೇಳ: ವೇಷವೂ ಅರ್ಥವೂ

ಚಿತ್ರಕಥೆಗಳ ವಿಷಯವನ್ನು ಸಾಹಿತ್ಯವಿಮರ್ಶೆಯ ಪುಟಗಳಿಗೆ ತರುವುದು ಉಚಿತವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಮಕ್ಕಳು ಓದಿ ಹರಿದೆಸೆಯುವ ಬಣ್ಣದ ಹಾಳೆಗಳಲ್ಲಿ ರಸವೆಲ್ಲಿಯದು, ಔಚಿತ್ಯವೆಲ್ಲಿಯದು ಎಂಬ ಆಕ್ಷೇಪಣೆಯು ಹಳೆಯದೇ. ಆದರೆ ಪಂಜೆ ಮಂಗೇಶರಾಯರಂತಹ ವಿದ್ವಾಂಸರು ಮಕ್ಕಳಿಗಾಗಿ ಬರೆಯುವುದನ್ನು ಕೀಳೆಂದೆಣಿಸದ ಮಂಗಳೂರಿನಲ್ಲಿ ನಿಂತು ಈ ಮಾತನ್ನಾಡುವುದು ಸಲ್ಲದು. ಜನರು ಸಾವಿರಗಟ್ಟಲೆ ನೆರೆಯುವಲ್ಲಿ ಏನು ನಡೆಯುತ್ತದೆ, ಅದರಲ್ಲಿ ಸತ್ತ್ವವೆಷ್ಟು, ಜೊಳ್ಳೆಷ್ಟು ಎಂದು ವಿಚಾರಿಸುವುದು ವಿಮರ್ಶಕನ ಕರ್ತವ್ಯವೇ ಆಗಿದೆ. ಆದುದರಿಂದ 'ಕಾಮಿಕ್ ಕಾನ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಚಿತ್ರಕಥಾಮೇಳಗಳ ಕುರಿತು ಎರಡು ಮಾತುಗಳನ್ನು ಬಿನ್ನವಿಸಿಕೊಳ್ಳುತ್ತೇನೆ.

ಈ ಮೇಳಗಳ ಹುಟ್ಟು ಪರದೇಶದ್ದು. ಅಮೆರಿಕದ ಸಾನ್ ಡಿಯೇಗೋ ನಗರದ ಒಂದು ಹೋಟೆಲಿನಲ್ಲಿ 1970ನೆಯ ಇಸವಿಯ ಆಗಸ್ಟಿನಲ್ಲಿ ಸುಮಾರು 300 ಜನ ಅಭಿಮಾನಿಗಳು ಸೇರಿದರು. ಚಿತ್ರಕಾರ ಜಾಕ್ ಕರ್ಬಿ, ಕಥೆಗಾರ ರೇ ಬ್ರಾಡ್‌ಬರಿ ಮುಂತಾದವರು ಅಂದಿನ ಅತಿಥಿಗಳು. ಜಪಾನಿನ ಟೋಕಿಯೋದಲ್ಲಿ 1975ರಲ್ಲಿ ಓದುಗರೇ ತಾವು ಬರೆದು ಅಚ್ಚುಹಾಕಿಸಿದ ಪುಸ್ತಕಗಳನ್ನು ತಾವೇ ಮಾರುವ ಬೇರೊಂದು ಬಗೆಯ ಮೇಳವು ಆರಂಭವಾಯಿತು. ನಮ್ಮ ದೇಶದಲ್ಲಿ 2011ನೆಯ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿಯೂ, 2012ರಲ್ಲಿ ಬೆಂಗಳೂರಿನಲ್ಲಿಯೂ ಇಂತಹ ಮೇಳಗಳು ಮೊದಲಾದುವು. ಪುಸ್ತಕಗಳ ಮಳಿಗೆಗಳು, ಚಿತ್ರಕಾರರು ಕುಳಿತು ಕಣ್ಣೆದುರಿಗೇ ಚಿತ್ರ ಬರೆದುಕೊಡುವ ಸಾಲು, ಆಹ್ವಾನಿತ ಅತಿಥಿಗಳ ಭಾಷಣ, ಹೊಸ ಪುಸ್ತಕಗಳ ಬಿಡುಗಡೆ, ಇವೆಲ್ಲಕ್ಕೂ ಮಿಗಿಲಾಗಿ ಓದುಗರು ಕಥಾಪಾತ್ರಗಳ ವೇಷ ತೊಟ್ಟು ಬರುವ 'ಕಾಸ್‌ಪ್ಲೇ' ಎಂಬ ಸ್ಪರ್ಧೆ, ಇವು ಅಲ್ಲಿಯ ಮುಖ್ಯ ಕಲಾಪಗಳು.

ದಿಲ್ಲಿಯ ಆ ಮೊದಲನೆಯ ಮೇಳಕ್ಕೂ ನಮ್ಮ ಜಿಲ್ಲೆಯ ಹಳೆಯ ಸೀಮೆಗೂ ಒಂದು ನಂಟುಂಟು. ಅಲ್ಲಿ ಜೀವಮಾನಸಾಧನೆಯ ಪ್ರಶಸ್ತಿಗೆ ಪಾತ್ರರಾದವರು ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈಗಳು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡರ ಪ್ರಾಯದಲ್ಲಿ ಮುಂಬಯಿಯನ್ನು ಸೇರಿ, ಮುಂದೆ 'ಅಮರ ಚಿತ್ರಕಥೆ'ಯ ಸಂಪಾದಕರಾಗಿ ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ' ಆದವರು ಅವರು. ಅನಾರೋಗ್ಯದಿಂದ ಅವರು ಮೇಳಕ್ಕೆ ಹೋಗಲಾರದಾದರು. ಅಲ್ಲಿಂದ ಐದೇ ದಿನಗಳಲ್ಲಿ, ಫೆಬ್ರವರಿ 24ರಂದು, ದಿವಂಗತರಾದರು. ಈ ಮಾಲೆಗೂ ಕನ್ನಡಕ್ಕೂ ಇರುವ ಸಂಬಂಧವನ್ನು ಅನೇಕರು ಅರಿಯರು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರ ಸುಮಾರಿಗೆ ಸಿಂಡರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳು ಕನ್ನಡದಲ್ಲಿಯೇ ಮೊದಲು ಈ ಹೆಸರಿನಿಂದ ಹೊರಬಂದುವು. ಇಂಗ್ಲಿಷಿನ 'ಕೃಷ್ಣ' ಎಂಬ ಪ್ರಥಮ ಪುಸ್ತಕಕ್ಕೆ 11ನೆಯ ಸಂಖ್ಯೆ ಬಿದ್ದುದು, ಮೊದಲಿನ ಹತ್ತು ಕನ್ನಡದ ಪಾಲಿಗೆ ಹೋಗಿದ್ದುದರಿಂದ. ಹೀಗೆ ಮಾಲೆಯ ಸಂಪಾದಕನೂ ನಮ್ಮವನು, ಮಾಲೆಯ ಮೊದಲ ನುಡಿಯೂ ನಮ್ಮದು.

ಇಷ್ಟಿದ್ದೂ ನಮ್ಮ ಮಂಗಳೂರಿನ ತರುಣರು ಇಂದು ಯಾರ ವೇಷವನ್ನು ಕಟ್ಟುತ್ತಿದ್ದಾರೆ? ನಮ್ಮ ಕೇರಿಯ ಒಬ್ಬ ಕಾಲೇಜು ವಿದ್ಯಾರ್ಥಿಯು ಪರವೂರಿನ ಅಂತಹದೊಂದು ಮೇಳಕ್ಕೆ ಹೊರಟಿದ್ದನು. ತಿಂಗಳುಗಟ್ಟಲೆ ಉಳಿಸಿದ ಹಣದಿಂದ ಬಟ್ಟೆ ಕೊಂಡು, ತಾಯಿಯ ಹೊಲಿಗೆಯಂತ್ರದಲ್ಲಿ ತಾನೇ ಹೊಲಿದ ಒಂದು ಕರಿಯ ನಿಲುವಂಗಿ. ಅದರ ಮೇಲೆ ಕೆಂಪು ಮೋಡಗಳ ಚಿತ್ತಾರ. ಇದು ಯಾರ ವೇಷವೆಂದು ಕೇಳಿದೆನು. "ಇಟಾಚಿಯದ್ದು, ಮಾಸ್ಟ್ರೇ" ಎಂದನು. ಬಣ್ಣಕ್ಕೆ ಮರುಳಾದ ಹುಡುಗ, ಕಥೆಯನ್ನೇನು ಬಲ್ಲನು ಎಂಬ ತಾತ್ಸಾರದಿಂದಲೇ, ಹಾಗಾದರೆ ಅವನ ಅರ್ಥವನ್ನು ಹೇಳು ನೋಡೋಣವೆಂದೆನು.

ಹುಡುಗನು ಕುಳಿತು ಅರ್ಧಗಂಟೆ ಹೇಳಿದನು. ಮಸಾಶಿ ಕಿಶಿಮೊಟೊ ಎಂಬವರು 1999ರಿಂದ 2014ರ ತನಕ ಧಾರಾವಾಹಿಯಾಗಿ ರಚಿಸಿದ, 72 ಸಂಪುಟಗಳ 'ನರುಟೊ' ಎಂಬ ಕಥೆಯಲ್ಲಿ ಇಟಾಚಿಯು ಸ್ವಕುಲಘಾತಕನು. ತನ್ನ ಬಂಧುಗಳನ್ನೆಲ್ಲ ಕೊಂದು ಕಿರಿಯ ತಮ್ಮನೊಬ್ಬನನ್ನು ಮಾತ್ರ ಉಳಿಸಿದವನು. ತಮ್ಮನು ಹಗೆ ಸಾಧಿಸುತ್ತ ಬೆಳೆಯುತ್ತಾನೆ. ಆದರೆ ಆ ಕುಲವು ದಂಗೆಯೇಳಲಿದ್ದಿತೆಂದೂ, ಊರು ಅಂತಃಕಲಹದಲ್ಲಿ ನಾಶವಾಗದಿರಲೆಂದು ಹಿರಿಯರ ಆಜ್ಞೆಯಂತೆ ಅಣ್ಣನು ಆ ಪಾಪವನ್ನು ಹೊತ್ತನೆಂದೂ, ಅಪಕೀರ್ತಿಯನ್ನು ಬಾಯ್ಬಿಡದೆ ಉಂಡನೆಂದೂ ತಮ್ಮನಿಗೆ ತಿಳಿಯುವುದು ಅವನ ಮರಣಾನಂತರ. ಇದನ್ನು ಹೇಳುವಾಗ ಹುಡುಗನ ಕಂಠವು ಗದ್ಗದವಾಯಿತು. ಕರ್ಣನ ಅರ್ಥವನ್ನು ಕೇಳಿ ಪಳಗಿದ ನನ್ನ ಕಿವಿಗೆ ಇದು ಅಪರಿಚಿತವಾಗಿ ತೋರಲಿಲ್ಲ. ನನ್ನ ತಾತ್ಸಾರಕ್ಕೆ ನಾನೇ ನಾಚಿದೆನು. "ಇದನ್ನೆಲ್ಲ ಅಲ್ಲಿ ಹೇಳುತ್ತೀಯೋ?" ಎಂದು ಕೇಳಿದೆನು. "ಅಲ್ಲಿ ಮಾತನಾಡಲಿಕ್ಕೆ ಎಲ್ಲಿಯ ಹೊತ್ತು ಮಾಸ್ಟ್ರೇ? ನಿಂತು ತೋರಿಸುವುದು, ಫೋಟೋ ತೆಗೆಸಿಕೊಳ್ಳುವುದು, ಅಷ್ಟೆ" ಎಂದನು.

ಈ ಉತ್ತರದಲ್ಲಿ ಎರಡು ವಿಮರ್ಶೆಗಳು ಅಡಗಿವೆ. ಒಂದು ಮೇಳಕ್ಕೆ ಸಂಬಂಧಿಸಿದ್ದು, ಇನ್ನೊಂದು ನಮ್ಮ ಚಿತ್ರಕಥೆಗೆ ಸಂಬಂಧಿಸಿದ್ದು. ಎರಡನೆಯದನ್ನೇ ಮೊದಲು ಹೇಳುತ್ತೇನೆ.

ಅನಂತ ಪೈಗಳ ಸಂಕಲ್ಪವು ಮಹತ್ತಾದುದು. ದೂರದರ್ಶನದ ಪ್ರಶ್ನೋತ್ತರ ಸ್ಪರ್ಧೆಯೊಂದರಲ್ಲಿ ಗ್ರೀಕರ ಪುರಾಣವನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದಿದ್ದುದನ್ನು ಕಂಡು ಅವರು ನೊಂದರು. ಆ ಕೊರತೆಯನ್ನು ತುಂಬಿದುದಕ್ಕಾಗಿ ದೇಶವು ಅವರಿಗೆ ಋಣಿಯಾಗಿದೆ. ಆದರೆ 32 ಪುಟಗಳ ಅಳತೆಯಲ್ಲಿ ಕಥೆಯು ಓಡಬೇಕು. ಓಡುವ ಕಥೆಯಲ್ಲಿ ನಾಯಕನಿಗೆ ದಾರಿಯುಂಟು, ಪ್ರತಿನಾಯಕನಿಗೆ ನಿಲ್ಲಲು ನೆಲೆಯಿಲ್ಲ. ರಾಕ್ಷಸರಿಗೆ ಹಲವು ವೇಳೆ ಕಪ್ಪು ಮೈ, ಕೋರೆದಾಡೆ, ಒಂದು ಅಟ್ಟಹಾಸ, ಅಷ್ಟರಲ್ಲಿ ವಧೆ. ಅವನಿಗೂ ಒಂದು ನ್ಯಾಯವುಂಟೆಂಬ ಶಂಕೆಯು ಎಳೆಯ ಓದುಗನಲ್ಲಿ ಹುಟ್ಟಲು ಎಡೆಯೇ ಇಲ್ಲ. ರಾಮನ ತಾಯಿ ಯಾರೆಂಬುದನ್ನು ಈ ಮಾಲೆಯು ಮಗುವಿಗೆ ಕಲಿಸಿತು. ವಾಲಿಯು ಏನೆಂದು ಕೇಳಿದನು ಎಂಬುದರ ಮುಂದೆ ಮಗುವನ್ನು ಬಹಳ ಹೊತ್ತು ನಿಲ್ಲಿಸಲಿಲ್ಲ.

ನಮ್ಮ ತಾಳಮದ್ದಲೆಯು ಮಾಡಿದುದು ಇದಕ್ಕೆ ವಿಪರೀತ. ಬಾಣ ತಗಲಿ ಬಿದ್ದ ವಾಲಿಯು ಮರೆಯಲ್ಲಿ ನಿಂತು ಕೊಂದವನನ್ನು ಪ್ರಶ್ನಿಸುವ ಸಂದರ್ಭದಲ್ಲಿ ಸಭೆಯು ಉಸಿರು ಬಿಗಿಹಿಡಿದು ಕೇಳುತ್ತದೆ. ರಾಮನ ಅರ್ಥಧಾರಿಯು ತನ್ನ ಪಾಂಡಿತ್ಯವನ್ನೆಲ್ಲ ಒಟ್ಟುಗೂಡಿಸಿ ಉತ್ತರ ಹೇಳಬೇಕಾಗುತ್ತದೆ. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ. ಭಾಗವತರ ಪದ, ಮದ್ದಲೆಯ ನುಡಿತ, ಅರ್ಥಧಾರಿಯ ಮಾತು, ಇಷ್ಟೆ. ಎದುರಾಳಿಗೆ ಪೂರ್ಣವಾದ ಮಾತನ್ನು ಕೊಡುವುದೇ ಧರ್ಮನಿರ್ಣಯದ ದಾರಿಯೆಂದು ನಮ್ಮ ಕರಾವಳಿಯು ಚಿತ್ರಕಥೆಗಿಂತ ಬಹು ಮೊದಲೇ ಕಂಡುಕೊಂಡಿತ್ತು. ನಮ್ಮ ಹುಡುಗನು ಜಪಾನಿನ ಕಥೆಗೆ ಒಲಿದುದು ಪರದೇಶದ ಬಣ್ಣಕ್ಕಾಗಿ ಅಲ್ಲ. ನಾವು ಅವನ ಕೈಗೆ ಚಿತ್ರಗಳ ರೂಪದಲ್ಲಿ ಕೊಡದೆ ಉಳಿಸಿಕೊಂಡ ಅರ್ಥಕ್ಕಾಗಿ. ಅವನನ್ನು ದೂಷಿಸುವವರು ಮೊದಲು ಇದನ್ನು ಯೋಚಿಸಬೇಕು.

ಇನ್ನು ಮೇಳದ ಮಾತು. ವೇಷವನ್ನು ಹೀನವೆಂದು ನಾನು ಹೇಳಲಾರೆನು. ನವರಾತ್ರಿಯಲ್ಲಿ ಮಂಗಳೂರಿನ ಬೀದಿಗಳನ್ನು ಕಂಡವನು ಹಾಗೆ ಹೇಳುವುದು ಹೇಗೆ? ಆದರೆ ಮೈಗೆ ಹಳದಿ ಕಪ್ಪು ಪಟ್ಟೆ ಬಳಿದುಕೊಂಡ ಮಾತ್ರಕ್ಕೆ ಯಾರನ್ನೂ ನಾವು ಹುಲಿಯೆಂದು ಒಪ್ಪುವುದಿಲ್ಲ. ತಾಸೆಯ ಪೆಟ್ಟಿಗೆ ಹೆಜ್ಜೆ ಬೀಳಬೇಕು. ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಹಿಂದಕ್ಕೆ ಎಸೆಯುವ ಕಸುವು ಬೇಕು. ಅಂದರೆ ವೇಷಕ್ಕೆ ಮೇಲಾಗಿ ಒಂದು ಪರೀಕ್ಷೆಯುಂಟು, ಆ ಪರೀಕ್ಷೆಯನ್ನು ಬಲ್ಲ ನೋಡುಗರುಂಟು. ಹುಡುಗನು ಹೇಳಿದಂತಹ ಮೇಳದಲ್ಲಿ ಕೊರತೆಯಾಗಿರುವುದು ಇದು. ವೇಷ ಕಟ್ಟಿದವನು ಕಥೆಯನ್ನು ಬಲ್ಲನು, ಕೇಳುವ ಸಭೆಯಿಲ್ಲ. ತಾಳಮದ್ದಲೆಯು ವೇಷವಿಲ್ಲದ ಮಾತು, ಇದು ಮಾತಿಲ್ಲದ ವೇಷ. ಚಿತ್ರಕಥೆಯೆಂಬ ಕಲೆಯಾದರೋ ಇವೆರಡರ ಕೂಟ: ಚಿತ್ರದಲ್ಲಿ ವೇಷ, ಬಾಯಿಂದ ಹೊರಟ ಗುಳ್ಳೆಯಲ್ಲಿ ಅರ್ಥ, ಮೇಲಿನ ಚೌಕದಲ್ಲಿ ಭಾಗವತರ ಪದ. ಅದರ ಹೆಸರಿನಲ್ಲಿ ನೆರೆಯುವ ಮೇಳವು ಒಂದರ್ಧವನ್ನು ಬಿಟ್ಟುಬಿಟ್ಟರೆ ಅದು ಸಂತೆಯಾದೀತು, ಸಮ್ಮೇಲನವಾಗದು.

ಇಂತಹದೊಂದು ಸಮ್ಮೇಲನವನ್ನು ಮಂಗಳೂರಿನಲ್ಲಿ ಏಕೆ ನಡೆಸಬಾರದು? ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯರು ತಮ್ಮ ಊರಾದ ಕುಂದಾಪುರದಲ್ಲಿ 'ಕಾರ್ಟೂನು ಹಬ್ಬ'ವನ್ನು ನಡೆಸಿ, ಚಿತ್ರಗಳಿಗಾಗಿ ಜನ ಸೇರುವುದಕ್ಕೆ ರಾಜಧಾನಿಯೇ ಬೇಕೆಂದಿಲ್ಲವೆಂದು ತೋರಿಸಿಕೊಟ್ಟಿದ್ದಾರೆ. 1843ರಲ್ಲಿ ಕಲ್ಲಚ್ಚಿನಿಂದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಊರಿಗೆ ಇದು ಮೀರಿದ ಕೆಲಸವಲ್ಲ. ಬಹಳ ಅತಿಥಿಗಳು ಬೇಡ. ಚಿತ್ರ ಬರೆಯುವವರೊಬ್ಬರು, ಕಥೆಯನ್ನು ಕನ್ನಡಕ್ಕೆ ತರುವವರೊಬ್ಬರು, ಗುಳ್ಳೆಯೊಳಗೆ ಅಕ್ಷರಗಳನ್ನು ಬರೆಯುವವರೊಬ್ಬರು, ಇವರೊಡನೆ ಒಬ್ಬ ಅರ್ಥಧಾರಿಗಳು. ವೇಷ ಕಟ್ಟಿದ ತರುಣನಿಗೆ ಹದಿನೈದು ನಿಮಿಷಗಳ ಅವಕಾಶ ಕೊಟ್ಟು, ತನ್ನ ಪಾತ್ರದ ಪಕ್ಷವನ್ನು ಕನ್ನಡದಲ್ಲಿ ಸಮರ್ಥಿಸಲು ಹೇಳಬೇಕು. ಎದುರಿಗೆ ಅರ್ಥಧಾರಿಗಳು ಪ್ರಶ್ನಿಸಲಿ. ಇಟಾಚಿಗೆ ಕರ್ಣನು ಏನು ಹೇಳಿಯಾನು? ಊರಿಗಾಗಿ ಕುಲವನ್ನು ತ್ಯಜಿಸಬಹುದೆಂಬ ಹಳೆಯ ನೀತಿಯು ಅಲ್ಲಿ ಎಷ್ಟು ದೂರ ನಿಂತೀತು? ಇದನ್ನು ಕೇಳಲು ನಮ್ಮ ಸಂಘದ ಹಿರಿಯ ಸದಸ್ಯರೂ ಬಂದು ಕುಳಿತಾರೆಂದು ನನ್ನ ನಂಬಿಕೆ. ಅಲ್ಲಿ ಕುಳಿತ ಎಳೆಯನೊಬ್ಬನು ಮನೆಗೆ ಹೋಗಿ, ವಾಲಿಯ ಪ್ರಶ್ನೆಗೆ ಪೂರ್ತಿ ಪುಟಗಳನ್ನು ಕೊಡುವ ಚಿತ್ರಕಥೆಯೊಂದನ್ನು ಬರೆಯಲು ತೊಡಗಿದರೆ, ಕಾರ್ಕಳದ ಆ ಹಿರಿಯರು ಆರಂಭಿಸಿದ ಕಾರ್ಯದ ಉಳಿದರ್ಧವೂ ನಮ್ಮ ಸೀಮೆಯಿಂದಲೇ ನಡೆದಂತಾಗುವುದು.

ಆ ಹುಡುಗನ ನಿಲುವಂಗಿಯು ಈಗ ಅವನ ಮನೆಯ ಕಪಾಟಿನಲ್ಲಿ ಮಡಿಸಿ ಇರಿಸಲ್ಪಟ್ಟಿದೆ. ಅದನ್ನು ತೊಟ್ಟು ಅವನು ಮಾತನಾಡುವುದನ್ನು ನಮ್ಮ ಸಭೆಯು ಕೇಳಲೆಂಬುದೇ ಈ ಲೇಖನದ ಉದ್ದೇಶವು.