ಎಂಟು ನಿಮಿಷದ ಸ್ಟುಟ್‌ಗಾರ್ಟ್

ನಮ್ಮ ಭಾವ ಮೈಸೂರಿನ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡು ದುಡಿದು ನಿವೃತ್ತರಾದವರು. ಮಗಳು ಮ್ಯೂನಿಕ್ಕಿನಲ್ಲಿದ್ದಾಳೆ. ಬರುವ ಮೇ ತಿಂಗಳಲ್ಲಿ ಅಕ್ಕ, ಭಾವ ಇಬ್ಬರೂ ಅಲ್ಲಿಗೆ ಹೋಗಿ, ಅಲ್ಲಿಂದ ರೈಲಿನಲ್ಲೇ ಯುರೋಪು ಸುತ್ತುವುದೆಂದು ತೀರ್ಮಾನವಾಗಿದೆ. ಪ್ಯಾಕೇಜ್ ಟೂರಿನವರ ಬಾವುಟದ ಹಿಂದೆ ಕುರಿ ಹಾಗೆ ಹೋಗುವ ಮಾತೇ ಇಲ್ಲ ಅಂತ ಭಾವ ಮೊದಲೇ ಹೇಳಿಬಿಟ್ಟಿದ್ದರು. ಎರಡು ತಿಂಗಳು ಕೂತು ಉದ್ದನೆಯ ರೂಲು ರಿಜಿಸ್ಟರಿನಲ್ಲಿ ಪ್ರಯಾಣದ ಯೋಜನೆ ಬರೆದರು. ಕಳೆದ ಭಾನುವಾರ ಅದನ್ನು ನನ್ನ ಮುಂದೆ ತಳ್ಳಿ, ‘ಊರವರ ಪುಸ್ತಕಕ್ಕೆಲ್ಲ ವಿಮರ್ಶೆ ಬರೀತೀಯಲ್ಲ, ಇದನ್ನೂ ಒಂಚೂರು ನೋಡಯ್ಯ’ ಅಂದರು. ನೋಡಿದೆ. ಇದು ಆ ವಿಮರ್ಶೆ.

ಹದಿನಾರು ದಿನ, ಆರು ದೇಶ. ಮ್ಯೂನಿಕ್, ಪ್ಯಾರಿಸ್, ಇಂಟರ್‌ಲಾಕೆನ್, ವೆನಿಸ್, ವಿಯೆನ್ನಾ, ಪ್ರಾಗ್, ಮರಳಿ ಮ್ಯೂನಿಕ್. ರೈಲುಗಳೆಲ್ಲ ಕೆಂಪು ಇಂಕಿನಲ್ಲಿ, ಹೋಟೆಲುಗಳು ನೀಲಿಯಲ್ಲಿ. ಹೊರಡುವ ಹೊತ್ತು, ತಲುಪುವ ಹೊತ್ತು ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ. ಕೊನೆಯಲ್ಲಿ ‘ಪ್ಲಾ.ನಂ.’ ಅಂತ ಒಂದು ಕಾಲಂ ಎಳೆದು ಖಾಲಿ ಬಿಟ್ಟಿದ್ದಾರೆ, ಅಲ್ಲಿ ಹೋದ ಮೇಲೆ ತುಂಬಲಿಕ್ಕೆ. ಅಕ್ಷರ ಮುತ್ತಿನಂಥದು. ಒಂದು ಕಡೆಯೂ ಚಿತ್ತಿಲ್ಲ. ನನಗೆ ಮೊದಲು ಅನುಮಾನ ಬಂದದ್ದೇ ಅದಕ್ಕೆ.

ಮೆಚ್ಚುವಂಥದ್ದು ಬೇಕಾದಷ್ಟಿದೆ. ಹೊರಟಲ್ಲಿಗೇ ಬಂದು ಸೇರುವ ಸುತ್ತು ಇದು; ದೊಡ್ಡ ಸೂಟ್‌ಕೇಸು ಮಗಳ ಮನೆಯಲ್ಲಿ ಬಿಟ್ಟು ಹೋಗಬಹುದು. ಹೋಟೆಲುಗಳೆಲ್ಲ ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿವೆ. ಊರಿನ ಹೆಸರುಗಳನ್ನು ಅಲ್ಲಿನ ಬೋರ್ಡಿನಲ್ಲಿ ಇರುವ ಹಾಗೇ ಬರೆದುಕೊಂಡಿದ್ದಾರೆ. ವಿಯೆನ್ನಾ ಅಲ್ಲಿ ‘ವೀನ್’, ಪ್ರಾಗ್ ‘ಪ್ರಾಹಾ’. ವೆನಿಸ್ಸಿನ ಮುಂದೆ ‘ವೆನೆಟ್ಸಿಯಾ ಸಾಂತಾ ಲೂಚಿಯಾ’ ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ. ಅದಕ್ಕೆ ಮುಂಚೆ ‘ವೆನೆಟ್ಸಿಯಾ ಮೆಸ್ತ್ರೆ’ ಬರುತ್ತದೆ. ಹೆಸರು ನೋಡಿ ಗಡಿಬಿಡಿಯಲ್ಲಿ ಇಳಿದರೆ ನೀರೂ ಇಲ್ಲ, ದೋಣಿಯೂ ಇಲ್ಲ, ದಡದ ಈಚೆಗಿನ ಊರಿನಲ್ಲಿ ನಿಂತಿರುತ್ತೀರಿ. ಇದು ರೈಲ್ವೆಯವನ ಕಣ್ಣು.

ಆದರೆ ಅದೇ ಕಣ್ಣು ಪ್ಯಾರಿಸ್ಸಿಗೆ ಬಂದಾಗ ಮುಚ್ಚಿಕೊಂಡಿದೆ. ಬರುವಾಗಲೂ ‘ಪ್ಯಾರಿಸ್’, ಹೊರಡುವಾಗಲೂ ‘ಪ್ಯಾರಿಸ್’. ಜರ್ಮನಿಯ ರೈಲು ಬಂದು ನಿಲ್ಲುವುದು ಗಾರ್ ದ ಲೆಸ್ಟ್ ನಿಲ್ದಾಣದಲ್ಲಿ. ಸ್ವಿಜರ್‌ಲೆಂಡಿನ ಕಡೆ ಹೋಗುವ ರೈಲು ಹೊರಡುವುದು ಗಾರ್ ದ ಲಿಯೋನ್‌ನಿಂದ. 19ನೇ ಶತಮಾನದಲ್ಲಿ ಒಂದೊಂದು ರೈಲು ಕಂಪನಿ ತನ್ನ ದಿಕ್ಕಿಗೆ ತನ್ನದೇ ನಿಲ್ದಾಣ ಕಟ್ಟಿದ ಊರು ಅದು. ಊರ ನಡುವೆ ಹಾದು ಈಚೆಯಿಂದ ಆಚೆಗೆ ಹೋಗುವ ದೂರದ ರೈಲಿಲ್ಲ. ಭಾವ ಹೋಟೆಲ್ ಹಿಡಿದಿರುವುದು ಲೆಸ್ಟ್ ಹತ್ತಿರ. ಹೊರಡುವ ದಿನ ಬೆಳಗ್ಗೆ ಪೆಟ್ಟಿಗೆ ಹಿಡಿದು ಮೆಟ್ರೋ ಬದಲಿಸಿಕೊಂಡು ಊರು ದಾಟಬೇಕು. ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಬೆಂಗಳೂರು ಅಂತ ಬರೆದು ಕೆಎಸ್‌ಆರ್ ಸಿಟಿಯೋ, ಯಶವಂತಪುರವೋ, ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್ಲೋ ಹೇಳದೆ ಬಿಟ್ಟರೆ ಇದೇ ಭಾವ ಎದುರಿಗಿದ್ದವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಇನ್ನು ಸ್ಟುಟ್‌ಗಾರ್ಟ್. ಮ್ಯೂನಿಕ್ಕಿನಿಂದ ಪ್ಯಾರಿಸ್ಸಿಗೆ ನೇರ ಟಿಜಿವಿ ಇದೆ, ಅದರ ಹೊತ್ತು ಭಾವನಿಗೆ ಹಿಡಿಸಲಿಲ್ಲ. ಆದ್ದರಿಂದ ಮ್ಯೂನಿಕ್ಕಿನಿಂದ ಜರ್ಮನಿಯ ಐಸಿಇ, ಸ್ಟುಟ್‌ಗಾರ್ಟಿನಲ್ಲಿ ಇಳಿದು ಫ್ರಾನ್ಸಿನ ಟಿಜಿವಿ. ನಡುವೆ ಎಂಟು ನಿಮಿಷ. ಆ್ಯಪ್ ತೋರಿಸಿದ್ದು ಅಷ್ಟೇ, ಹಾಗಾಗಿ ಅದು ಸುಳ್ಳಲ್ಲ. ಆದರೆ ವೇಳಾಪಟ್ಟಿ ಒಪ್ಪುವ ಕನೆಕ್ಷನ್ ಬೇರೆ, ಅರವತ್ತು ದಾಟಿದ ಇಬ್ಬರು ಸಾಮಾನು ಹೊತ್ತು ಹಿಡಿಯಬಲ್ಲ ಕನೆಕ್ಷನ್ ಬೇರೆ. ಸ್ಟುಟ್‌ಗಾರ್ಟ್ ನಿಲ್ದಾಣದಲ್ಲಿ 2010ರಿಂದ ನೆಲದಡಿಯ ಹೊಸ ನಿಲ್ದಾಣದ ಕಾಮಗಾರಿ ನಡೆದಿದೆ, ಪ್ಲಾಟ್‌ಫಾರಂಗಳಿಗೆ ಸುತ್ತುಬಳಸು ದಾರಿ. ‘ಎಂಟು ನಿಮಿಷ ಸಾಕಾ ಭಾವ?’ ಅಂದೆ.

‘ಅಯ್ಯೋ, ಅದು ಜರ್ಮನಿ ಕಣಯ್ಯ. ಅಲ್ಲಿ ರೈಲು ಲೇಟಾಗಲ್ಲ.’

ಈ ಒಂದು ಮಾತಿನ ಮೇಲೆ ಇಡೀ ರಿಜಿಸ್ಟರ್ ನಿಂತಿದೆ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ನೂರಕ್ಕೆ 62ರ ಚಿಲ್ಲರೆ. ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಎಣಿಸದೆ. ಪಕ್ಕದ ಸ್ವಿಸ್ ರೈಲ್ವೆಯದು ಮೂರು ನಿಮಿಷದ ಲೆಕ್ಕದಲ್ಲಿ ನೂರಕ್ಕೆ 93ರ ಆಸುಪಾಸು. ತಡವಾಗಿ ಬಂದ ಜರ್ಮನ್ ರೈಲು ತಮ್ಮ ವೇಳಾಪಟ್ಟಿಯನ್ನೂ ಕೆಡಿಸೀತೆಂದು ಸ್ವಿಸ್‌ನವರು ಅದನ್ನು ಗಡಿಯ ಬಾಸೆಲ್‌ನಲ್ಲೇ ತಡೆದು, ಮುಂದಕ್ಕೆ ತಮ್ಮ ರೈಲು ಓಡಿಸುವುದೂ ಉಂಟು. ಅಂದರೆ ‘ಯುರೋಪಿನ ರೈಲು’ ಅಂತ ಒಂದು ಇಲ್ಲ. ಜರ್ಮನಿಯದು ಬೇರೆ, ಸ್ವಿಸ್ಸಿನದು ಬೇರೆ, ಇಟಲಿಯದು ಮತ್ತೂ ಬೇರೆ. ನೈರುತ್ಯ ರೈಲ್ವೆಯ ಒಂದೊಂದು ಗಾಡಿಯ ಜಾತಕ ಬಲ್ಲ ಭಾವ ಅಷ್ಟು ದೇಶಗಳನ್ನು ಒಂದೇ ಮೂಟೆ ಕಟ್ಟಿ ಕೈಮುಗಿದಿದ್ದಾರೆ. ಯೋಜನೆಯ ಇಡೀ ದೋಷ ಇದೊಂದೇ. ಉಳಿದವೆಲ್ಲ ಇದರ ಮರಿಗಳು.

ಕನೆಕ್ಷನ್ ಹಿಡಿಯುವ ವಿದ್ಯೆ ಮೈಸೂರಿಗೆ ಹೊಸದಲ್ಲ. ಬೆಂಗಳೂರು–ಮೈಸೂರು ದಾರಿ ಮೀಟರ್ ಗೇಜ್ ಆಗಿದ್ದಷ್ಟು ಕಾಲ, ಮುಂಬಯಿ, ದೆಹಲಿ ಕಡೆ ಹೋಗುವವರು ಎಲ್ಲೋ ಒಂದು ಕಡೆ ಇಳಿದು ಬ್ರಾಡ್ ಗೇಜ್ ಗಾಡಿ ಹಿಡಿಯಲೇಬೇಕಿತ್ತು. ನಮ್ಮಪ್ಪ ಆ ಬದಲಾವಣೆಗೆ ಮೂರು ತಾಸು ಇಟ್ಟುಕೊಳ್ಳುತ್ತಿದ್ದರು. ಪ್ಲಾಟ್‌ಫಾರಂ ಮೇಲೆ ಹೋಲ್ಡಾಲ್ ಹಾಸಿ, ಚಿತ್ರಾನ್ನ ಬಿಚ್ಚಿ, ಒಂದು ನಿದ್ದೆಯೂ ಆಗುತ್ತಿತ್ತು. 1990ರ ದಶಕದಲ್ಲಿ ಹಳಿ ಅಗಲವಾಯಿತು. ಈಗ ಮೈಸೂರಿನಲ್ಲಿ ಹತ್ತಿದರೆ ವಾರಾಣಸಿಯಲ್ಲೋ ದರ್ಭಂಗಾದಲ್ಲೋ ಇಳಿಯಬಹುದು, ಒಂದೇ ಬರ್ತು, ಒಂದೇ ಪಿಎನ್‌ಆರ್. ದೂರದ ಪ್ರಯಾಣ ಅಂದರೆ ಎರಡು ರಾತ್ರಿ ಒಂದೇ ರೈಲಿನಲ್ಲಿ ಕೂರುವುದು ಅಂತ ನಮಗೆ ರೂಢಿಯಾಗಿಹೋಗಿದೆ. ಯುರೋಪಿನಲ್ಲಿ ದೂರ ಅಂದರೆ ಮೂರು ತಾಸಿನ ನಾಲ್ಕು ರೈಲು. ಯೋಜಿಸಬೇಕಾದ್ದು ರೈಲುಗಳನ್ನಲ್ಲ, ರೈಲುಗಳ ನಡುವಿನ ಹೊತ್ತನ್ನು. ಭಾವನ ರಿಜಿಸ್ಟರಿನಲ್ಲಿ ಕೆಂಪು ಸಾಲುಗಳ ನಡುವೆ ಬಿಳಿ ಜಾಗವೇ ಇಲ್ಲ.

ಒಂದು ರೈಲು ತಡವಾಗಿ ಇನ್ನೊಂದು ತಪ್ಪಿದರೆ ಏನು? ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಎರಡು ಪಿಎನ್‌ಆರ್ ಜೋಡಿಸುವ ಏರ್ಪಾಡಿದೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಅದರ ದುಡ್ಡು ವಾಪಸ್. ಯುರೋಪಿನಲ್ಲೂ ಒಂದೇ ಟಿಕೆಟ್ಟಿನಲ್ಲಿ ಇಡೀ ದಾರಿ ಕೊಂಡಿದ್ದರೆ ರಕ್ಷಣೆಯುಂಟು: ಒಂದು ತಾಸು ತಡವಾದರೆ ಕಾಲು ಪಾಲು, ಎರಡು ತಾಸಾದರೆ ಅರ್ಧ ಪರಿಹಾರ. ಬೇರೆ ಬೇರೆ ಕಂಪನಿಯಿಂದ ಬಿಡಿಬಿಡಿಯಾಗಿ ಕೊಂಡರೆ ಎರಡನೆಯವನಿಗೆ ನಿಮ್ಮ ಹಂಗಿಲ್ಲ. ಆದರೆ ಭಾವ ಟಿಕೆಟ್ ಕೊಳ್ಳುವುದೇ ಇಲ್ಲ. ಅವರು ನೆಚ್ಚಿರುವುದು ಯೂರೇಲ್ ಪಾಸನ್ನು.

ರೈಲ್ವೆಯವರಿಗೆ ‘ಪಾಸ್’ ಅನ್ನುವ ಶಬ್ದವೇ ಒಂದು ದೌರ್ಬಲ್ಯ. ನೌಕರಿ ಉದ್ದಕ್ಕೂ ಪಾಸಿನಲ್ಲೇ ಓಡಾಡಿದವರು. ಯುರೋಪಿನ ಹೊರಗಿನವರಿಗೆಂದು 1959ರಲ್ಲಿ ಶುರುವಾದ ಈ ಪಾಸು ಇವತ್ತು 33 ದೇಶಗಳಲ್ಲಿ ನಡೆಯುತ್ತದೆ, ಅರವತ್ತು ದಾಟಿದವರಿಗೆ ನೂರಕ್ಕೆ ಹತ್ತು ರಿಯಾಯಿತಿ. ಭಾವ ಕೊಳ್ಳಲಿರುವುದು ಒಂದು ತಿಂಗಳೊಳಗೆ ಬೇಕಾದ ಏಳು ದಿನ ಓಡಾಡುವ ಪಾಸು. ಆರು ದಿನ ಊರಿಂದ ಊರಿಗೆ ಹೋಗಲು, ಏಳನೆಯ ದಿನ ಮಗಳೊಂದಿಗೆ ಸಾಲ್ಜ್‌ಬುರ್ಗ್ ನೋಡಿಬರಲು. ಲೆಕ್ಕ ಚೊಕ್ಕವಾಗಿ ಕಾಣುತ್ತದೆ. ಆದರೆ ಟಿಜಿವಿಗೆ ಪಾಸಿನ ಮೇಲೆ ಸೀಟಿನ ದುಡ್ಡು ಬೇರೆ ಕಟ್ಟಬೇಕು, ಪಾಸಿನವರಿಗೆ ಇಟ್ಟಿರುವ ಸೀಟೂ ಕಡಿಮೆ. ಪ್ಯಾರಿಸ್ಸಿನಿಂದ ಬಾಸೆಲ್ಲಿಗೆ ಹೋಗುವಾಗಲೂ ಅದೇ ಕಥೆ. ಇಟಲಿಯ ಫ್ರೆಚ್ಚಾರೊಸ್ಸಾ ರೈಲಿಗೆ ಹತ್ತು-ಹದಿಮೂರು ಯೂರೋ. ರಾತ್ರಿ ರೈಲಿನ ಬರ್ತಿಗೆ ಅದಕ್ಕಿಂತ ಹೆಚ್ಚು. ಏಳು ದಿನದಲ್ಲಿ ನಾಲ್ಕು ದಿನ ಪಾಸಿದ್ದೂ ಕೈಯಿಂದ ಬಿಚ್ಚಬೇಕು. ಯುಂಗ್‌ಫ್ರಾಉಯೋಖ್‌ನ 3,454 ಮೀಟರ್ ಎತ್ತರಕ್ಕೆ ಏರುವ ಬೆಟ್ಟದ ರೈಲಿಗಂತೂ ಪಾಸು ತೋರಿಸಿದರೆ ಸಿಗುವುದು ರಿಯಾಯಿತಿ ಮಾತ್ರ.

ಪಾಸನ್ನೇ ಹಳಿಯುತ್ತಿಲ್ಲ. ಜರ್ಮನಿ, ಸ್ವಿಜರ್‌ಲೆಂಡ್, ಆಸ್ಟ್ರಿಯಾಗಳಲ್ಲಿ ಸಾಮಾನ್ಯವಾಗಿ ಸೀಟು ಕಾದಿರಿಸಲೇಬೇಕೆಂದಿಲ್ಲ. ಬಂದ ರೈಲು ಹತ್ತು, ಚೆನ್ನಾಗಿ ಕಂಡ ಊರಲ್ಲಿ ಇಳಿ, ಮುಂದಿನ ರೈಲು ಹಿಡಿ. ಅಂಥ ತಿರುಗಾಟಕ್ಕೆ ಪಾಸಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಹದಿನಾರು ದಿನವನ್ನೂ ನಿಮಿಷದ ಲೆಕ್ಕದಲ್ಲಿ ಬರೆದಿಟ್ಟವನಿಗೆ ಆ ಸ್ವಾತಂತ್ರ್ಯ ಯಾಕೆ? ಇಷ್ಟು ಖಚಿತವಾಗಿ ಹೊರಡುವವರು ಮುಂಗಡ ರಿಯಾಯಿತಿ ಟಿಕೆಟ್ ಕೊಳ್ಳುವುದು ಲೇಸು. ವಿಮಾನದ ಹಾಗೆ ಅವೂ ಬೇಗ ಕೊಂಡಷ್ಟು ಅಗ್ಗ, ಬದಲಿಸಲು ಹೋದರೆ ದುಬಾರಿ. ಇಲ್ಲಿ ನನಗೊಂದು ಸಂಗತಿ ತಮಾಷೆ ಅನ್ನಿಸಿತು. ಪಾಸಿದ್ದರೂ ರಿಸರ್ವೇಶನ್ ಬೇರೆ ಮಾಡಿಸಬೇಕು ಅನ್ನುವುದು ಭಾರತೀಯ ರೈಲ್ವೆಯ ನೌಕರನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ವೆನಿಸ್ಸಿನಿಂದ ವಿಯೆನ್ನಾಕ್ಕೆ ರಾತ್ರಿ ರೈಲು, ನೈಟ್‌ಜೆಟ್. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯಿತು ಅಂತ ಪಕ್ಕದಲ್ಲಿ ನಕ್ಷತ್ರ ಹಾಕಿದ್ದಾರೆ. ಯೋಜನೆಯಲ್ಲಿ ನನಗೆ ನಿಜವಾಗಿ ಸಿಟ್ಟು ಬಂದದ್ದು ಈ ನಕ್ಷತ್ರಕ್ಕೆ. ಹಗಲಿನ ರೈಲಿನ ದಾರಿಯಲ್ಲಿ, ವಿಯೆನ್ನಾಕ್ಕೆ ಸ್ವಲ್ಪ ಮುಂಚೆ, ಸೆಮರಿಂಗ್ ಘಾಟಿ ಬರುತ್ತದೆ. 1854ರಲ್ಲಿ ಸಂಚಾರ ಶುರುವಾದ 41 ಕಿಲೋಮೀಟರಿನ ದಾರಿ, 14 ಸುರಂಗ, ಕಲ್ಲಿನ ಕಮಾನುಗಳ 16 ಸೇತುವೆ. ಎಂಜಿನಿಯರ್ ಕಾರ್ಲ್ ಫಾನ್ ಗೇಗಾ ಈ ಹಳಿಯ ಕೆಲಸ ಶುರು ಮಾಡಿದಾಗ ಅಂಥ ಏರು ಹತ್ತಬಲ್ಲ ಎಂಜಿನ್ನೇ ಇರಲಿಲ್ಲ; ಹಳಿ ಹಾಕುತ್ತ ಹಾಕುತ್ತಲೇ 1851ರಲ್ಲಿ ಎಂಜಿನ್‌ಗಳ ಸ್ಪರ್ಧೆ ಇಟ್ಟು ಬೇಕಾದ್ದನ್ನು ಹುಡುಕಿದರು. ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿದ ಮೊದಲ ರೈಲುದಾರಿ ಅದು, 1998ರಲ್ಲಿ. ನಮ್ಮ ಡಾರ್ಜಿಲಿಂಗ್ ಸೇರಿದ್ದು ಮರುವರ್ಷ. ಜೀವಮಾನವಿಡೀ ಗಾಡಿ ರಿಪೇರಿ ಮಾಡಿದ ಮನುಷ್ಯ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತ ಅದನ್ನು ಕಳೆದುಕೊಳ್ಳುವುದೇ! ಹಗಲಿನ ರೈಲ್‌ಜೆಟ್ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿ ನೋಡಲೆಂದೇ ರಾತ್ರಿಯ ಗಾಡಿ ಬಿಟ್ಟು, ಗಾಜಿನ ಸೂರಿನ ವಿಸ್ಟಾಡೋಮ್ ಇರುವ ಹಗಲಿನ ಗಾಡಿಗೆ ಅಕ್ಕನನ್ನು ಕರೆದುಕೊಂಡು ಹೋದವರು ಇವರೇ ಅಲ್ಲವೆ?

ಪ್ರಾಗ್ ಬಗ್ಗೆ ಹೆಚ್ಚು ಹೇಳಲಾರೆ. ನಕಾಶೆಯಲ್ಲಿ ಮ್ಯೂನಿಕ್ಕಿಗೆ ಅಂಟಿಕೊಂಡಂತೆ ಕಾಣುತ್ತದೆ, ರೈಲಿಗೆ ಐದು ತಾಸಿಗಿಂತ ಹೆಚ್ಚು ಬೇಕು. ಗಡಿಯ ಆಸುಪಾಸಿನಲ್ಲಿ ವಿದ್ಯುತ್ ತಂತಿಯಿಲ್ಲದೆ ಡೀಸೆಲ್ ಎಂಜಿನ್ನೇ ಎಳೆಯಬೇಕು. ಪ್ರಾಗ್‌ಗೆ ಇಟ್ಟ ಎರಡು ದಿನ ವಿಯೆನ್ನಾಕ್ಕೆ ಕೊಟ್ಟರೆ ಉಸಿರಾಡಬಹುದು.

ಎಲ್ಲ ತಪ್ಪನ್ನೂ ಭಾವನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಯೋಜನೆಯನ್ನು ಹೀಗೆ ಬಿಗಿ ಮಾಡುವುದು ವೀಸಾ. ಷೆಂಗೆನ್ ವೀಸಾಕ್ಕೆ ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ಇವರಿಗೆ ಅದು ಜರ್ಮನಿ. ಯಾವ ರಾತ್ರಿ ಯಾವ ಊರು, ಯಾವ ಹೋಟೆಲು, ಹೇಗೆ ಹೋಗುತ್ತೀರಿ, ಎಲ್ಲಕ್ಕೂ ಕಾಗದ. 30,000 ಯೂರೋಗಿಂತ ಕಡಿಮೆಯಿಲ್ಲದ ಆರೋಗ್ಯ ವಿಮೆ. ಒಬ್ಬೊಬ್ಬರಿಗೆ 90 ಯೂರೋ ಶುಲ್ಕ. ಎಷ್ಟೋ ರೈಲುಗಳ ಟಿಕೆಟ್ ಮಾರಾಟ ಶುರುವಾಗುವ ಮೊದಲೇ ಆ ರೈಲುಗಳ ಪಟ್ಟಿ ಒಪ್ಪಿಸಬೇಕು. ಹಾಗಾಗಿ ಮೈಸೂರಿನಲ್ಲಿ ಕೂತು ಬರೆಯುವ ಇಂಥ ಪಟ್ಟಿಗಳಿಗೆಲ್ಲ ಅರ್ಜಿ ಫಾರಂನ ಭಾಷೆ ಬಂದುಬಿಡುತ್ತದೆ; ‘ನೋಡೋಣ’, ‘ಆದರೆ’, ‘ಮಳೆ ಬಂದರೆ’ ಅನ್ನುವ ಮಾತಿಗೆ ಕಾಲಂ ಇರುವುದಿಲ್ಲ. ಎರಡು ಪಟ್ಟಿ ಮಾಡಿ ಅಂದೆ, ಒಂದು ವೀಸಾದವರಿಗೆ, ಒಂದು ನಿಮಗೆ. ರಾತ್ರಿಗಳು ಎರಡರಲ್ಲೂ ಒಂದೇ ಇರಲಿ, ರೈಲುಗಳು ಸಡಿಲವಾಗಿರಲಿ.

ಸಾಮಾನಿನ ಪುಟ ಅಕ್ಕನ ಕೈಬರಹದಲ್ಲಿದೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಪುಟ್ಟ ಕುಕ್ಕರ್, ಒಂದು ಕೆಜಿ ನಂದಿನಿ ತುಪ್ಪ. ತುಪ್ಪ ಬಿಡಬೇಕಾಗುತ್ತದೆ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ. ‘ತುಪ್ಪ ಹಾಲಿನ ಪದಾರ್ಥವೇನೋ?’ ಅಂತ ಅಕ್ಕ ನನ್ನನ್ನೇ ಆರೋಪಿ ಮಾಡಿದಳು. ಇಲ್ಲೇ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಮ್ಮಿನಲ್ಲಿ 1899ರ ಮಹಾರಾಣಿ ಸಲೂನ್ ನಿಂತಿದೆ, ಅಡುಗೆಮನೆ ಸಮೇತ. ಅಂಥ ಗಾಡಿಯಲ್ಲಿ ಹೋಗುವವರಿಗೆ ಈ ಪುಟ ಸರಿ. ಕೂಲಿ ಸಿಗದ, ಎಲ್ಲೋ ಕೆಲವು ನಿಮಿಷ ನಿಲ್ಲುವ ರೈಲಿಗೆ ತಾವೇ ಎತ್ತಿ ಹಾಕುವವರಿಗೆ ಇದರ ಅರ್ಧ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಭಾವ ಕೋಪ ಮಾಡಿಕೊಳ್ಳಲಿಲ್ಲ, ಒಪ್ಪಲೂ ಇಲ್ಲ. ಮಾತು ವೀಸಾ ಅಪಾಯಿಂಟ್‌ಮೆಂಟಿನ ಕಡೆ ಹೊರಳಿತು. ಬರುವ ಮಂಗಳವಾರ ಹನ್ನೆರಡು ಗಂಟೆಗೆ, ಬೆಂಗಳೂರಿನಲ್ಲಿ. ಬೆಳಗಿನ ಜಾವದ ಗಾಡಿಗೆ ಟಿಕೆಟ್ ಆಗಿದೆಯಂತೆ.

‘ಅಷ್ಟು ಬೇಗ ಯಾಕೆ ಭಾವ? 138 ಕಿಲೋಮೀಟರು. ಆಮೇಲಿನ ಗಾಡೀಲಿ ಹೋದರೂ ಆಗುತ್ತಲ್ಲ?’

‘ಏನ್ ಹೇಳ್ತೀಯೋ ನೀನು! ಮದ್ದೂರಲ್ಲಿ ಇನ್ನೊಂದು ಗಾಡಿ ಮುಂದೆ ಬಿಡೋಕೆ ನಿಲ್ಲಿಸಿದ್ರೆ? ಕೆಂಗೇರೀಲಿ ಸಿಗ್ನಲ್ ಕೊಡದೆ ಅರ್ಧ ಗಂಟೆ ಕೂರಿಸಿದ್ರೆ? ಇಳಿದ ಮೇಲೆ ಮೆಟ್ರೋ ಹಿಡೀಬೇಕು, ನಿಮ್ಮಕ್ಕನ ಮಂಡಿ ನೋವು ಬೇರೆ. ಎರಡು ಗಂಟೆ ಕೈಲಿಟ್ಕೊಳ್ದೆ ಯಾವನಾದರೂ ಹೊರಡ್ತಾನೇನಯ್ಯ?’

ಅಕ್ಕ ಕಾಫಿ ಲೋಟ ಕೆಳಗಿಟ್ಟು, ‘ಸ್ಟುಟ್‌ಗಾರ್ಟಿಗೂ ಇದೇ ಮಂಡೀನೇ ತಗೊಂಡು ಬರೋದು ನಾನು’ ಅಂದಳು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡರು. ಕೆಂಪು ಪೆನ್ನು ಹುಡುಕಿದರು, ಸಿಗಲಿಲ್ಲ. ಪೆನ್ಸಿಲ್ ಇದೆಯಾ ಅಂತ ಕೇಳಿದರು.